ರಾಷ್ಟ್ರೀಯ ಡಿಜಿಟಲ್ ಗುರುತು

ಒಬ್ಬ ವ್ಯಕ್ತಿ ತಾನು ಇಂಥವನೇ ಎಂಬುದನ್ನು ಸರ್ಕಾರಿ ಕಚೇರಿ, ಬ್ಯಾಂಕು, ಪಡಿತರ ಅಂಗಡಿ, ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಜಾಲದ ಮೂಲಕ ರುಜುವಾತುಪಡಿಸಲು ದೇಶವೊಂದು ಕಟ್ಟಿಕೊಂಡ ವ್ಯವಸ್ಥೆಗೆ ರಾಷ್ಟ್ರೀಯ ಡಿಜಿಟಲ್ ಗುರುತು ಎಂದು ಹೆಸರು. ಭಾರತದ ಆಧಾರ್, ಎಸ್ಟೋನಿಯಾದ ಚಿಪ್ ಕಾರ್ಡು, ಸಿಂಗಪುರದ ಸಿಂಗ್‌ಪಾಸ್, ಫಿಲಿಪ್ಪೀನ್ಸಿನ ಫಿಲ್‌ಸಿಸ್ ಇದರ ಬೇರೆ ಬೇರೆ ರೂಪಗಳು. ಎಸ್ಟೋನಿಯಾದವರ ಗುರುತಿನ ಕೀಲಿ ಅವರ ಜೇಬಿನ ಕಾರ್ಡಿನೊಳಗಿನ ಚಿಪ್ಪಿನಲ್ಲಿರುತ್ತದೆ. ಭಾರತದವರ ಗುರುತು ಸರ್ಕಾರದ ದತ್ತಾಂಶ ಕೇಂದ್ರದಲ್ಲಿರುತ್ತದೆ. ಬೆರಳು, ಕಣ್ಣು, ಮುಖ ಅಥವಾ ಮೊಬೈಲಿಗೆ ಬಂದ ಒಟಿಪಿ ಕೊಟ್ಟು ಪ್ರತಿ ಸಲವೂ ಅಲ್ಲಿಂದ ‘ಹೌದು’ ಎನ್ನಿಸಿಕೊಳ್ಳಬೇಕು. ಮುಂದಿನ ಬಹಳಷ್ಟು ಲಾಭ, ನಷ್ಟ, ವ್ಯಾಜ್ಯಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿವೆ.

ಗುರುತಿನ ದಾಖಲೆ ಇಲ್ಲದವರ ಪಾಡು ಇದ್ದವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ಸಿಗದು, ಸಿಮ್ ಸಿಗದು, ಪಿಂಚಣಿ ಮಂಜೂರಾಗದು, ಮಗುವನ್ನು ಶಾಲೆಗೆ ಸೇರಿಸಲು ಹತ್ತು ಕಡೆ ಅಲೆಯಬೇಕು. ವಿಶ್ವಬ್ಯಾಂಕಿನ ಅಂದಾಜಿನಂತೆ 2020ರ ದಶಕದ ಆರಂಭದಲ್ಲಿ ಜಗತ್ತಿನ ಸುಮಾರು 85 ಕೋಟಿ ಜನರ ಬಳಿ ಯಾವುದೇ ಅಧಿಕೃತ ಗುರುತಿನ ದಾಖಲೆ ಇರಲಿಲ್ಲ. ಹೀಗಾಗಿಯೇ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 16.9ನೆಯದು 2030ರೊಳಗೆ ಎಲ್ಲರಿಗೂ ಕಾನೂನುಬದ್ಧ ಗುರುತು ದೊರೆಯಬೇಕು ಎನ್ನುತ್ತದೆ.

ಈ ಬಗೆಯ ಯೋಜನೆಗಳಲ್ಲಿ ಅತಿ ದೊಡ್ಡದು ಆಧಾರ್. 2009ರ ಜನವರಿಯಲ್ಲಿ ಯೋಜನಾ ಆಯೋಗದ ಅಡಿಯಲ್ಲಿ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾಯಿತು. ಇನ್ಫೋಸಿಸ್ ಸಹಸಂಸ್ಥಾಪಕ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳನ್ನು ವಿತರಿಸಲಾಯಿತು. 2016ರ ಏಪ್ರಿಲ್ ಹೊತ್ತಿಗೆ 100 ಕೋಟಿ ಜನರ ನೋಂದಣಿ ಮುಗಿದಿತ್ತು. ಇಷ್ಟು ಜನರ ಬೆರಳಚ್ಚನ್ನು ಇಷ್ಟು ಬೇಗ ಸಂಗ್ರಹಿಸಿದ ಇನ್ನೊಂದು ದೇಶ ಇಲ್ಲ.

ಆಧಾರ್‌ನ 12 ಅಂಕಿಗಳಲ್ಲಿ ವ್ಯಕ್ತಿಯ ಊರು, ಜಾತಿ, ವಯಸ್ಸಿನ ಸುಳಿವೇನೂ ಇಲ್ಲ. ಮೊದಲ 11 ಅಂಕಿಗಳು ಯಾದೃಚ್ಛಿಕ. ಕೊನೆಯದು ಉಳಿದವನ್ನು ಬರೆಯುವಾಗ ತಪ್ಪಾಗಿದೆಯೇ ಎಂದು ಪತ್ತೆಹಚ್ಚುವ ತಾಳೆ ಅಂಕಿ. ಸಂಖ್ಯೆಯಲ್ಲೇ ಹುಟ್ಟಿದ ದಿನಾಂಕವನ್ನು ಅಡಕ ಮಾಡುವ ದೇಶಗಳೂ ಇರುವಾಗ ಇದು ಒಳ್ಳೆಯ ವಿನ್ಯಾಸವೇ. ನೋಂದಣಿ ವೇಳೆ ಹೆಸರು, ವಿಳಾಸ, ಲಿಂಗ, ವಯಸ್ಸಿನ ಜೊತೆಗೆ ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣುಗಳ ಪಾಪೆಯ ಚಿತ್ರ, ಮುಖದ ಫೋಟೊ ತೆಗೆದುಕೊಳ್ಳುತ್ತಾರೆ. ಹೊಸಬರ ಬೆರಳು, ಕಣ್ಣುಗಳನ್ನು ಈಗಾಗಲೇ ಇರುವ ಎಲ್ಲರ ದಾಖಲೆಗಳ ಜೊತೆ ಹೋಲಿಸಿ, ಈ ವ್ಯಕ್ತಿ ಮೊದಲೇ ಸೇರಿಲ್ಲ ಎಂದು ಖಾತ್ರಿಯಾದ ಮೇಲೆ ಸಂಖ್ಯೆ ಕೊಡಲಾಗುತ್ತದೆ. ಈ ದಾಖಲೆಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್‌ನ ದತ್ತಾಂಶ ಕೇಂದ್ರಗಳಲ್ಲಿವೆ.

ಲಾಭಗಳು ನಿಜವಾದವು, ಅವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಗುಳೆ ಹೋದ ಕುಟುಂಬ ಮೊದಲು ಪಡಿತರವನ್ನು ಊರಲ್ಲೇ ಬಿಟ್ಟು ಹೋಗಬೇಕಿತ್ತು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಜೂನ್‌ನಲ್ಲಿ ಎಲ್ಲ ರಾಜ್ಯಗಳನ್ನೂ ಮುಟ್ಟಿದ ಮೇಲೆ ಆ ಕುಟುಂಬ ಪುಣೆಯಲ್ಲೋ ಹೈದರಾಬಾದಿನಲ್ಲೋ ತನ್ನ ಪಾಲಿನ ಧಾನ್ಯ ಪಡೆಯಬಹುದು. ಬೆರಳಚ್ಚಿನ ಗುರುತು ಇಲ್ಲದೆ ಇದು ಆಗುತ್ತಿರಲಿಲ್ಲ. 2014ರ ನವೆಂಬರಿನಲ್ಲಿ ಬಂದ ‘ಜೀವನ್ ಪ್ರಮಾಣ್’ ಎಂಬ ಆಧಾರ್ ಆಧಾರಿತ ಡಿಜಿಟಲ್ ಪ್ರಮಾಣಪತ್ರದಿಂದಾಗಿ ನಿವೃತ್ತರು ತಾವು ಬದುಕಿದ್ದೇವೆಂದು ತೋರಿಸಲು ಪ್ರತಿ ವರ್ಷ ಪಿಂಚಣಿ ಕಚೇರಿಯ ಮೆಟ್ಟಿಲು ಹತ್ತುವುದು ತಪ್ಪಿದೆ. 2020ರ ಲಾಕ್‌ಡೌನ್‌ನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮಹಿಳೆಯರ ಜನಧನ್ ಖಾತೆಗಳಿಗೆ ತಿಂಗಳಿಗೆ 500 ರೂಪಾಯಿ ನೇರವಾಗಿ ಜಮೆಯಾಯಿತು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಕಂಡಕ್ಟರ್ ಮುಂದೆ ಚಾಚುವ ಕಾರ್ಡು ಹೆಚ್ಚಾಗಿ ಆಧಾರೇ. ಅದೇ ಆಗಸ್ಟಿನಲ್ಲಿ ಚಾಲನೆ ಪಡೆದ ಮನೆಯೊಡತಿಯರ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಜಮೆಯಾಗುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ನಡುವೆ ಕಮಿಷನ್ ಕೀಳುವವರಿಲ್ಲ.

ಆದರೆ ಲಾಭದ ಲೆಕ್ಕ ಹೇಳುವಾಗ ಉತ್ಪ್ರೇಕ್ಷೆಯೂ ಬೆರೆತಿದೆ. ಅಡುಗೆ ಅನಿಲದ ಸಬ್ಸಿಡಿಯನ್ನು ನೇರವಾಗಿ ಖಾತೆಗೆ ಹಾಕಿದ್ದರಿಂದ ಭಾರಿ ಉಳಿತಾಯವಾಯಿತೆಂದು ಪ್ರಚಾರ ನಡೆಯಿತು. ಮಹಾಲೇಖಪಾಲರು 2016ರಲ್ಲಿ ಪರಿಶೀಲಿಸಿದಾಗ, ಸಬ್ಸಿಡಿ ಹೊರೆಯಲ್ಲಿ ಇಳಿದ 23,316 ಕೋಟಿ ರೂಪಾಯಿಗಳಲ್ಲಿ ಸಬ್ಸಿಡಿ ಸಿಲಿಂಡರ್‌ಗಳ ಬಳಕೆ ತಗ್ಗಿದ್ದರಿಂದ ಬಂದದ್ದು 1,764 ಕೋಟಿ ಮಾತ್ರ. ಉಳಿದದ್ದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ತೈಲದ ಬೆಲೆ ಕುಸಿದುದರ ಫಲ. ದಾಖಲೆ ಇಲ್ಲದವರಿಗೆ ದಾಖಲೆ ಕೊಡುವುದು ಯೋಜನೆಯ ಮೂಲ ಆಶಯವಾಗಿತ್ತು. ಅಂಥವರಿಗಾಗಿ, ಮಾನ್ಯತೆ ಪಡೆದ ಒಬ್ಬರು ‘ಇವರನ್ನು ನಾನು ಬಲ್ಲೆ’ ಎಂದು ಪರಿಚಯಿಸಿ ನೋಂದಾಯಿಸುವ ದಾರಿಯನ್ನೂ ಇಡಲಾಗಿತ್ತು. ಮಾಹಿತಿ ಹಕ್ಕಿನಡಿ 2015ರಲ್ಲಿ ಹೊರಬಂದ ಉತ್ತರದ ಪ್ರಕಾರ ಅದುವರೆಗಿನ 83.5 ಕೋಟಿ ಆಧಾರ್‌ಗಳಲ್ಲಿ ಈ ದಾರಿಯಿಂದ ಬಂದವು ಸುಮಾರು 2.19 ಲಕ್ಷ. ಹೆಚ್ಚುಕಡಿಮೆ ಎಲ್ಲರ ಬಳಿಯೂ ಮೊದಲೇ ಯಾವುದೋ ಒಂದು ಗುರುತಿನ ಚೀಟಿ ಇತ್ತು.

ನ್ಯಾಯಬೆಲೆ ಅಂಗಡಿಯ ಕಟ್ಟೆಯ ಮೇಲೆ ಕೈಯಗಲದ ಇ-ಪೋಸ್ ಯಂತ್ರವಿರುತ್ತದೆ. ಕಾರ್ಡುದಾರರು ಹೆಬ್ಬೆರಳು ಒತ್ತುತ್ತಾರೆ. ಯಂತ್ರ ಆ ಅಚ್ಚನ್ನು ಕೇಂದ್ರದ ದಾಖಲೆಗೆ ಕಳಿಸಿ ಹೊಂದುತ್ತದೆಯೇ ಎಂದು ಕೇಳುತ್ತದೆ. ಬೆರಳಚ್ಚು ಯಂತ್ರ ಕೊಡುವ ಉತ್ತರ ಸಂಭವನೀಯತೆಯ ಲೆಕ್ಕ; ಒಂದೇ ಬೆರಳು ಇಂದು ಹೊಂದಿ ನಾಳೆ ಹೊಂದದೆ ಹೋಗಬಹುದು. ಗಾರೆ ಕಲಸಿದ, ಬೀಡಿ ಕಟ್ಟಿದ, ಕಾಫಿ ತೋಟದಲ್ಲಿ ದುಡಿದ, ಮುಸುರೆ ತಿಕ್ಕಿದ ಕೈಗಳಲ್ಲಿ ಗೆರೆಗಳು ಸವೆದಿರುತ್ತವೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ‘ತಂಬ್ ಬರ್ತಿಲ್ಲ ಅಜ್ಜಿ, ಇನ್ನೊಂದು ಬೆರಳಿಡಿ’ ಎನ್ನುವ ಮಾತು, ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನ್ನುವ ಮಾತು ಕರ್ನಾಟಕದ ಯಾವ ಹೋಬಳಿಗೂ ಹೊಸದಲ್ಲ. ನಾಳೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಬಿಡುವುದು. ಪ್ರಾಧಿಕಾರದ ಮುಖ್ಯಸ್ಥರು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೊಟ್ಟ ವಿವರದ ಪ್ರಕಾರ ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುತ್ತಿದ್ದುದು ಶೇ 88ರಷ್ಟು. ಟೆಲಿಕಾಂ ಕಂಪನಿಗಳಲ್ಲಿ ಶೇ 97. ಅತಿ ಹೆಚ್ಚು ಅಗತ್ಯವಿರುವವರ ಸಾಲಿನಲ್ಲೇ ಯಂತ್ರ ಅತಿ ಹೆಚ್ಚು ಸೋಲುತ್ತಿತ್ತು.

ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಣ್‌ಕರ್ ಇದರ ಎರಡೂ ಮುಖಗಳನ್ನು ಅಳೆದಿದ್ದಾರೆ. ಆಂಧ್ರಪ್ರದೇಶದಲ್ಲಿ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಬಂದಾಗ ಉದ್ಯೋಗ ಖಾತರಿಯ ಕೂಲಿ ಬೇಗ ಬಂತು, ಸೋರಿಕೆ ತಗ್ಗಿತು, ಯಾರನ್ನೂ ಹೊರಗಿಡಲಿಲ್ಲ. ಜಾರ್ಖಂಡದಲ್ಲಿ ಪಡಿತರಕ್ಕೆ ಆಧಾರ್ ದೃಢೀಕರಣ ಕಡ್ಡಾಯ ಮಾಡಿದಾಗ ಫಲಿತಾಂಶ ತಿರುಗುಮುರುಗಾಯಿತು: ಅನರ್ಹರ ಸಂಖ್ಯೆ ಇಳಿಯಲಿಲ್ಲ, ಆಧಾರ್ ಜೋಡಿಸದೆ ಉಳಿದಿದ್ದ ಫಲಾನುಭವಿಗಳ ಪಡಿತರದ ಮೌಲ್ಯ ಸರಾಸರಿ ಶೇ 10ರಷ್ಟು ಕುಸಿಯಿತು, ಅವರಲ್ಲಿ ಶೇ 2.8 ಮಂದಿಗೆ ಏನೂ ಸಿಗಲಿಲ್ಲ. ಬೆರಳು ಸೋತಾಗ ಬೇರೆ ದಾರಿ ಇದೆಯೇ ಎಂಬುದೇ ಎರಡು ರಾಜ್ಯಗಳ ನಡುವಿನ ದೊಡ್ಡ ಅಂತರ. 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡದ ಸಿಮ್‌ಡೇಗಾ ಜಿಲ್ಲೆಯಲ್ಲಿ 11 ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಿಸಿಲ್ಲವೆಂದು ಆಕೆಯ ಮನೆಯ ಪಡಿತರ ಚೀಟಿಯನ್ನು ರದ್ದು ಮಾಡಲಾಗಿತ್ತು. ಸಾವಿಗೆ ಮಲೇರಿಯಾ ಕಾರಣವೆಂದಿತು ಸರ್ಕಾರ, ಹಸಿವೆಂದಳು ತಾಯಿ. ಚೀಟಿ ರದ್ದಾಗಿದ್ದುದರ ಬಗ್ಗೆ ಮಾತ್ರ ಎರಡು ಮಾತಿರಲಿಲ್ಲ. ಇಂಥ ಒಂದು ಘಟನೆ ಸಾಕು, ಯಾವ ಉಳಿತಾಯದ ಲೆಕ್ಕವನ್ನೂ ಮತ್ತೆ ತೆರೆದು ನೋಡಲು.

ಹೊರಗುಳಿಯುವ ಭಯ ಒಂದಾದರೆ, ಎಲ್ಲ ಕಡೆಯೂ ಒಳಗಾಗುವ ಭಯ ಇನ್ನೊಂದು. ಒಂದೇ ಸಂಖ್ಯೆ ಪಡಿತರ, ಬ್ಯಾಂಕು, ಆಸ್ಪತ್ರೆ, ಶಾಲೆ, ಫೋನು, ತೆರಿಗೆ ಎಲ್ಲದರಲ್ಲೂ ಕೂತಾಗ, ಬಿಡಿಬಿಡಿಯಾಗಿದ್ದ ಮಾಹಿತಿಯನ್ನು ಪೋಣಿಸಿ ಮನುಷ್ಯನ ಬದುಕನ್ನೇ ಓದಬಹುದು. ಯಾವ ಔಷಧಿ, ಯಾರ ಜೊತೆ ವ್ಯವಹಾರ, ಯಾವ ದಿನ ಯಾವ ಊರು, ಎಲ್ಲವೂ ತಿಳಿಯುತ್ತದೆ. ಫ್ರಾನ್ಸಿನಲ್ಲಿ 1974ರಲ್ಲಿ ಸರ್ಕಾರಿ ಕಡತಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಬೆಸೆಯುವ ‘ಸಫಾರಿ’ ಯೋಜನೆಯನ್ನು ಲ ಮೋಂದ್ ಪತ್ರಿಕೆ ಬಯಲಿಗೆಳೆಯಿತು. ಗದ್ದಲ ಎಷ್ಟಾಯಿತೆಂದರೆ ಯೋಜನೆ ಬಿದ್ದುಹೋಯಿತು. 1978ರಲ್ಲಿ ದತ್ತಾಂಶ ರಕ್ಷಣೆಯ ಕಾನೂನು, ಸ್ವತಂತ್ರ ಆಯೋಗ ಎರಡೂ ಬಂದವು. ಜರ್ಮನಿಯ ಸಂವಿಧಾನ ನ್ಯಾಯಾಲಯ 1983ರ ಡಿಸೆಂಬರಿನಲ್ಲಿ ಜನಗಣತಿಯ ಮೊಕದ್ದಮೆಯಲ್ಲಿ, ತನ್ನ ಮಾಹಿತಿಯ ಬಗ್ಗೆ ತಾನೇ ತೀರ್ಮಾನಿಸುವುದು ವ್ಯಕ್ತಿಯ ಹಕ್ಕು ಎಂದಿತು.

ಯುರೋಪಿಗೆ ಈ ಎಚ್ಚರ ಬಂದದ್ದು ಅನುಭವದಿಂದ. ನೆದರ್‌ಲೆಂಡ್ಸ್‌ನಲ್ಲಿ ಎರಡನೇ ಮಹಾಯುದ್ಧಕ್ಕೆ ಮೊದಲೇ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿ ಇತ್ತು. ಒಳ್ಳೆಯ ಆಡಳಿತಕ್ಕೆಂದೇ ಮಾಡಿದ್ದು. ಧರ್ಮದ ಕಾಲಂ ಕೂಡ ಇತ್ತು. ಜರ್ಮನ್ನರು ದೇಶವನ್ನು ಹಿಡಿದಾಗ ಯಹೂದಿಗಳ ಪಟ್ಟಿ ಸಿದ್ಧವಾಗಿಯೇ ಸಿಕ್ಕಿತು. ಅಲ್ಲಿದ್ದ ಸುಮಾರು 1.4 ಲಕ್ಷ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಹತರಾದರು. 1943ರ ಮಾರ್ಚ್ 27ರಂದು ಪ್ರತಿರೋಧ ಗುಂಪಿನ ಕೆಲವರು ಪೊಲೀಸರ ವೇಷದಲ್ಲಿ ಆಂಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ನುಗ್ಗಿ ಕಡತಗಳಿಗೆ ಬೆಂಕಿಯಿಟ್ಟರು. ಸುಟ್ಟದ್ದು ಒಂದು ಪಾಲು ಮಾತ್ರ. ಸೆರೆಸಿಕ್ಕ 12 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ರುವಾಂಡಾದಲ್ಲಿ ಬೆಲ್ಜಿಯನ್ನರು 1930ರ ದಶಕದಲ್ಲಿ ತಂದ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಎಂದು ನಮೂದಾಗುತ್ತಿತ್ತು. 1994ರ ನರಮೇಧದಲ್ಲಿ ರಸ್ತೆ ತಡೆಗಳಲ್ಲಿ ಆ ಚೀಟಿ ನೋಡಿಯೇ ಕೊಂದರು. ಬಾಂಗ್ಲಾದೇಶದ ಶಿಬಿರಗಳಲ್ಲಿ ವಿಶ್ವಸಂಸ್ಥೆ ಸಂಗ್ರಹಿಸಿದ ರೋಹಿಂಗ್ಯಾ ನಿರಾಶ್ರಿತರ ಬೆರಳಚ್ಚು ಮತ್ತಿತರ ವಿವರಗಳು, ಅವರು ಯಾರಿಗೆ ಹೆದರಿ ಓಡಿಬಂದಿದ್ದರೋ ಆ ಮ್ಯಾನ್ಮಾರ್ ಸರ್ಕಾರದ ಕೈಸೇರಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ಹೊರಗೆಡಹಿತು. ಮಾಹಿತಿ ಕೊಡುವ ದಿನ ಆಳುವವರು ಒಬ್ಬರು. ಬಳಸುವ ದಿನ ಇರುವವರು ಬೇರೆಯವರು.

ಆಧಾರ್ ಕಟ್ಟಿದವರಲ್ಲೂ ಅದನ್ನು ಪ್ರಶ್ನಿಸಿದವರಲ್ಲೂ ಕರ್ನಾಟಕದವರು ಮುಂಚೂಣಿಯಲ್ಲಿದ್ದರು. ಯೋಜನೆ ಆರಂಭವಾದಾಗ ಅದಕ್ಕೆ ಕಾನೂನೇ ಇರಲಿಲ್ಲ. ಸರ್ಕಾರದ ಒಂದು ಆದೇಶದ ಮೇಲೆ ನಡೆಯುತ್ತಿತ್ತು. 2010ರ ಮಸೂದೆಯನ್ನು ಯಶವಂತ ಸಿನ್ಹಾ ಅಧ್ಯಕ್ಷತೆಯ ಸಂಸದೀಯ ಸಮಿತಿ 2011ರ ಡಿಸೆಂಬರಿನಲ್ಲಿ ತಿರಸ್ಕರಿಸಿತು. ಆದರೂ ನೋಂದಣಿ ನಿಲ್ಲಲಿಲ್ಲ. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ, ಕೆಜಿಎಫ್‌ನಲ್ಲಿ ಹುಟ್ಟಿ ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ಕೂಡ ಅರ್ಜಿದಾರರಾದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು 2015ರಲ್ಲಿ ಅಟಾರ್ನಿ ಜನರಲ್ ವಾದಿಸಿದರು. ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಭಾರತದ ಪ್ರತಿ ಪ್ರಜೆಗೂ ದಕ್ಕಿದ ಈ ತೀರ್ಪು ಇಂದು ಪುಟ್ಟಸ್ವಾಮಿಯವರ ಹೆಸರಿನಲ್ಲೇ ಉಲ್ಲೇಖವಾಗುತ್ತದೆ. ಅವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೇ ವಯಸ್ಸಿನಲ್ಲಿ ನಿಧನರಾದರು.

ಅಷ್ಟರಲ್ಲಿ 2016ರ ಮಾರ್ಚ್‌ನಲ್ಲಿ ಆಧಾರ್ ಕಾಯ್ದೆ ಹಣಕಾಸು ಮಸೂದೆಯ ರೂಪದಲ್ಲಿ, ರಾಜ್ಯಸಭೆಯ ತಿದ್ದುಪಡಿಗಳನ್ನು ಬದಿಗೊತ್ತಿ ಅಂಗೀಕಾರವಾಗಿತ್ತು. 38 ದಿನಗಳ ವಿಚಾರಣೆಯ ನಂತರ 2018ರ ಸೆಪ್ಟೆಂಬರ್ 26ರಂದು ಐವರ ಪೀಠ 4-1ರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಸಬ್ಸಿಡಿ, ಪಡಿತರಗಳಿಗೆ ಮತ್ತು ಪ್ಯಾನ್ ಕಾರ್ಡಿಗೆ ಆಧಾರ್ ಕೇಳಬಹುದು. ಬ್ಯಾಂಕ್ ಖಾತೆ, ಸಿಮ್, ಶಾಲಾ ಪ್ರವೇಶಕ್ಕೆ ಕಡ್ಡಾಯ ಮಾಡುವಂತಿಲ್ಲ. ದೃಢೀಕರಣದ ದಾಖಲೆಗಳನ್ನು ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಹಣಕಾಸು ಮಸೂದೆಯಾಗಿ ತಂದದ್ದೇ ಸಂವಿಧಾನಕ್ಕೆ ಮಾಡಿದ ವಂಚನೆ ಎಂದರು. ಖಾಸಗಿ ಕಂಪನಿಗಳ ಬಳಕೆಗೆ ಕೋರ್ಟು ಮುಚ್ಚಿದ ಬಾಗಿಲನ್ನು 2019ರ ತಿದ್ದುಪಡಿ, 2025ರ ಜನವರಿಯ ನಿಯಮಗಳು ‘ಸ್ವಇಚ್ಛೆ’ಯ ಹೆಸರಿನಲ್ಲಿ ಮತ್ತೆ ಸ್ವಲ್ಪ ಸ್ವಲ್ಪವೇ ತೆರೆದಿವೆ. ಹೋಟೆಲಿನ ಕೌಂಟರಿನಲ್ಲೋ ಬಾಡಿಗೆ ಮನೆಯ ಬಾಗಿಲಲ್ಲೋ ನಿಂತವರಿಗೆ ಆ ಸ್ವಇಚ್ಛೆ ಎಷ್ಟರ ಮಟ್ಟಿನದು ಎಂಬುದು ಗೊತ್ತೇ ಇದೆ.

ಸುಪ್ರೀಂ ಕೋರ್ಟಿನ ಆ 2018ರ ವಿಚಾರಣೆಯಲ್ಲಿ, ಆಧಾರ್ ದತ್ತಾಂಶ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆ ಎಂದು ಸರ್ಕಾರ ಹೇಳಿತ್ತು. ಅಪಾಯ ಬಂದದ್ದು ಗೋಡೆಯ ಹೊರಗಿನಿಂದ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯಂತೆ, ಪಿಂಚಣಿ, ಉದ್ಯೋಗ ಖಾತರಿ ಮೊದಲಾದ ಯೋಜನೆಗಳಿಗೆ ಸೇರಿದ ನಾಲ್ಕು ಸರ್ಕಾರಿ ಜಾಲತಾಣಗಳಲ್ಲೇ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಹಿರಂಗವಾಗಿದ್ದವು. 2018ರ ಜನವರಿಯಲ್ಲಿ ಚಂಡೀಗಢದ ಟ್ರಿಬ್ಯೂನ್ ಪತ್ರಿಕೆ, 500 ರೂಪಾಯಿ ಕೊಟ್ಟರೆ ಯಾರದ್ದೇ ಹೆಸರು, ವಿಳಾಸ ನೋಡುವ ಲಾಗಿನ್ ಸಿಗುತ್ತದೆ ಎಂದು ವರದಿ ಮಾಡಿತು. ಪ್ರಾಧಿಕಾರ ಬಯೋಮೆಟ್ರಿಕ್ ಸೋರಿಕೆಯಾಗಿಲ್ಲ ಎಂದು ಸ್ಪಷ್ಟನೆ ಕೊಟ್ಟು ಪೊಲೀಸರಿಗೆ ದೂರಿತ್ತಿತು. ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು.

ಕರ್ನಾಟಕದವರಿಗೆ ಹೆಚ್ಚು ಹತ್ತಿರದ ಪ್ರಕರಣ 2023ರದು. ಮಂಗಳೂರು ಮತ್ತು ಇತರ ಕಡೆಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಒಟಿಪಿ ಇಲ್ಲದೆ, ಫೋನ್ ಕರೆ ಇಲ್ಲದೆ ಹಣ ಹೋಗತೊಡಗಿತು. ಹಳ್ಳಿಗಳಲ್ಲಿ ಬ್ಯಾಂಕ್ ಶಾಖೆ ಇಲ್ಲದವರಿಗೆಂದು ರೂಪಿಸಿದ ಎಇಪಿಎಸ್ ಎಂಬ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಉಪನೋಂದಣಿ ಕಚೇರಿಯ ಕ್ರಯಪತ್ರದಲ್ಲಿ ಕೊಟ್ಟವರ, ಕೊಂಡವರ ಹೆಬ್ಬೆಟ್ಟು, ಆಧಾರ್ ಸಂಖ್ಯೆ ಎರಡೂ ಅಕ್ಕಪಕ್ಕದಲ್ಲಿರುತ್ತಿದ್ದವು. ವಂಚಕರು ಅಂಥ ಪತ್ರಗಳ ಹೆಬ್ಬೆಟ್ಟಿನಿಂದ ಸಿಲಿಕಾನ್ ಅಚ್ಚು ತಯಾರಿಸಿ ಯಂತ್ರಕ್ಕೆ ಒತ್ತುತ್ತಿದ್ದರು. ಆಮೇಲೆ ರಾಜ್ಯ ಸರ್ಕಾರ ಪತ್ರಗಳಲ್ಲಿ ಅಚ್ಚು ಮತ್ತು ಸಂಖ್ಯೆಯನ್ನು ಮರೆಮಾಚಲು ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆರಳಿಗೆ ಬದಲಿ ಇಲ್ಲ. ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಈ ತೊಡಕು ಕಳೆಯುತ್ತದೆಂಬ ನಂಬಿಕೆಯಿದೆ. 2025ರ ಜುಲೈನಿಂದ ಅಂಗನವಾಡಿಗಳಲ್ಲಿ ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರಕ್ಕೂ ಮುಖ ದೃಢೀಕರಣ ಕಡ್ಡಾಯವಾಗಿದೆ. ಗರ್ಭಿಣಿಯ ಪೊಟ್ಟಣಕ್ಕೆ ಇಷ್ಟು ಕಾವಲು ಬೇಕೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಬೇರೆ ದೇಶಗಳ ಅನುಭವ ಇಲ್ಲಿ ಪಾಠವಾಗುತ್ತದೆ. ಸುಮಾರು 13 ಲಕ್ಷ ಜನಸಂಖ್ಯೆಯ ಎಸ್ಟೋನಿಯಾ 2002ರಿಂದ ಡಿಜಿಟಲ್ ಕಾರ್ಡ್ ಕೊಡುತ್ತಿದೆ. 2005ರಿಂದ ಮತವನ್ನೂ ಅಂತರ್ಜಾಲದಲ್ಲಿ ಹಾಕಬಹುದು. ಅಲ್ಲಿ ವೈದ್ಯರಾಗಲಿ, ಪೊಲೀಸರಾಗಲಿ ಒಬ್ಬರ ಕಡತ ತೆರೆದರೆ ಆ ಗುರುತು ಉಳಿಯುತ್ತದೆ, ಯಾರು ಯಾವಾಗ ನೋಡಿದರೆಂದು ಆ ವ್ಯಕ್ತಿಯೇ ತಿಳಿಯಬಹುದು, ಕಾರಣವಿಲ್ಲದೆ ಇಣುಕಿದವರಿಗೆ ಶಿಕ್ಷೆಯಾಗುತ್ತದೆ. 2017ರಲ್ಲಿ ಚಿಪ್ಪಿನಲ್ಲಿ ದೋಷವಿರುವುದನ್ನು ಜೆಕ್ ಸಂಶೋಧಕರು ಪತ್ತೆಹಚ್ಚಿದಾಗ ಸುಮಾರು 7.5 ಲಕ್ಷ ಕಾರ್ಡುಗಳಿಗೆ ಅಪಾಯವಿತ್ತು; ಸರ್ಕಾರ ಅದನ್ನು ಜನರಿಗೆ ತಾನೇ ತಿಳಿಸಿ, ನವೆಂಬರಿನಲ್ಲಿ ಆ ಕಾರ್ಡುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿದು ನವೀಕರಿಸಿತು. ಒಪ್ಪಿಕೊಂಡು ಸರಿಪಡಿಸುವ ಈ ನಡವಳಿಕೆ ತಂತ್ರಜ್ಞಾನಕ್ಕಿಂತ ದೊಡ್ಡ ಭದ್ರತೆ.

ಜಮೈಕಾದ ಸಂವಿಧಾನ ನ್ಯಾಯಾಲಯ 2019ರ ಏಪ್ರಿಲ್‌ನಲ್ಲಿ ಅಲ್ಲಿನ ಗುರುತಿನ ಕಾಯ್ದೆಯನ್ನು ರದ್ದುಪಡಿಸಿತು. ಮುಖ್ಯ ನ್ಯಾಯಮೂರ್ತಿ ಬ್ರಯಾನ್ ಸೈಕ್ಸ್ ತಮ್ಮ ತೀರ್ಪಿನಲ್ಲಿ ಚಂದ್ರಚೂಡ್ ಅವರ ಭಿನ್ನಮತವನ್ನು ಆಧರಿಸಿದರು. ಕೆನ್ಯಾದಲ್ಲಿ ‘ಹುದುಮಾ ನಂಬಾ’ ಯೋಜನೆ ಬಂದಾಗ, ತಲೆಮಾರುಗಳಿಂದ ದಾಖಲೆಗೆ ಪರದಾಡಿದ್ದ ನ್ಯೂಬಿಯನ್ ಸಮುದಾಯದವರು ಕೋರ್ಟಿಗೆ ಹೋದರು. ಡಿಎನ್ಎ ಮತ್ತು ಜಿಪಿಎಸ್ ಮಾಹಿತಿ ಸಂಗ್ರಹವನ್ನು 2020ರ ಜನವರಿಯಲ್ಲಿ ಹೈಕೋರ್ಟ್ ತಡೆಯಿತು. ಖಾಸಗಿತನದ ಮೇಲಿನ ಪರಿಣಾಮವನ್ನು ಅಧ್ಯಯನ ಮಾಡದೆ ಕಾರ್ಡ್ ಹಂಚಿದ್ದು ಅಸಿಂಧು ಎಂದು 2021ರ ಅಕ್ಟೋಬರಿನಲ್ಲಿ ಹೇಳಿತು. ಬ್ರಿಟನ್ 2006ರ ಗುರುತಿನ ಚೀಟಿ ಕಾಯ್ದೆಯನ್ನು 2010ರಲ್ಲಿ ಹಿಂತೆಗೆದುಕೊಂಡು ಜನರ ಮಾಹಿತಿಯಿದ್ದ ಹಾರ್ಡ್ ಡಿಸ್ಕುಗಳನ್ನು ಪುಡಿ ಮಾಡಿಸಿತ್ತು; 2025ರಲ್ಲಿ ಹೊಸ ಡಿಜಿಟಲ್ ಗುರುತನ್ನು ಘೋಷಿಸಿದಾಗ 20 ಲಕ್ಷಕ್ಕೂ ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು. ಇತ್ತ ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ಮೋಸಿಪ್ ಎಂಬ ಮುಕ್ತ ತಂತ್ರಾಂಶ ಫಿಲಿಪ್ಪೀನ್ಸ್, ಮೊರಾಕ್ಕೊ, ಇಥಿಯೋಪಿಯಾ ಮೊದಲಾದ ದೇಶಗಳ ಗುರುತಿನ ಯೋಜನೆಗಳಿಗೆ ತಳಹದಿಯಾಗಿದೆ. ತಂತ್ರಾಂಶವನ್ನು ಉಚಿತವಾಗಿ ಪಡೆಯಬಹುದು. ಅದಕ್ಕೆ ಬೇಲಿಯಾಗುವ ಕಾನೂನನ್ನು ಆಯಾ ದೇಶವೇ ಮಾಡಿಕೊಳ್ಳಬೇಕು.

ಭಾರತದಲ್ಲಿ ಕ್ರಮ ಹಿಂದುಮುಂದಾಯಿತು ಎಂಬುದೇ ಆಧಾರ್ ಬಗ್ಗೆ ಮಾಡಬಹುದಾದ ಅತಿ ಗಂಭೀರ ಆಕ್ಷೇಪ. ಸಂಖ್ಯೆ 2010ರಲ್ಲಿ ಬಂತು, ಅದರ ಕಾನೂನು 2016ರಲ್ಲಿ, ಖಾಸಗಿತನದ ಹಕ್ಕು 2017ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ. ಆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗುವುದು ಅದಾದ 18 ತಿಂಗಳ ನಂತರ. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅವಕಾಶವೂ ಅದರಲ್ಲಿದೆ.

ಇರುವ ರಕ್ಷಣೆಗಳನ್ನಾದರೂ ಜನ ಬಳಸಬೇಕು. ಪ್ರಾಧಿಕಾರದ ಜಾಲತಾಣ ಮತ್ತು ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಕಳೆದ ಆರು ತಿಂಗಳಲ್ಲಿ ತಮ್ಮ ಸಂಖ್ಯೆಯ ದೃಢೀಕರಣ ಯಾವಾಗ ನಡೆಯಿತೆಂದು ನೋಡಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ತೆಗೆದುಕೊಳ್ಳಬಹುದು. ಆದರೆ ಇವೆಲ್ಲ ಸ್ಮಾರ್ಟ್‌ಫೋನ್ ಇರುವವರಿಗೆ. ಇಲ್ಲದವರಿಗಾಗಿ ಸರ್ಕಾರ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ: ಆಧಾರ್ ಇಲ್ಲವೆಂದೋ ಬೆರಳಚ್ಚು ಹೊಂದಲಿಲ್ಲವೆಂದೋ ಯಾರಿಗೂ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ಎಲ್ಲ ರಾಜ್ಯಗಳಿಗೆ ಬರೆದಿದೆ. ಆ ಆದೇಶವನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಸಿ, ದೂರು ಕೊಡಬೇಕಾದ ಅಧಿಕಾರಿಯ ಫೋನ್ ನಂಬರಿನ ಸಮೇತ ರಾಜ್ಯದ ಪ್ರತಿ ನ್ಯಾಯಬೆಲೆ ಅಂಗಡಿಯ ಮುಂದೆಯೂ ತೂಗುಹಾಕಬೇಕು.